ಊರವರ ಗಾಡಿ ಮೇಲೆ ಪ್ರೊಟೆಸ್ಟ್ ಹಾಕಬಹುದಾ?

ಹುಬ್ಬಳ್ಳಿಯಲ್ಲಿ ನಾನು ಕಾರ್ ರೇಸ್ ಆಡುತ್ತೇನೆ ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ರೀ, ನಮ್ಮ ಊರಿನವ್ರ ಗಾಡಿ ಮ್ಯಾಲೇ ಪ್ರೊಟೆಸ್ಟ್ ಹಾಕ್ತೀರಲ್ಲ, ಸೋತಿದ್ದು ತಡಕೊಳ್ಳಾಕ ಆಗಂಗಿಲ್ಲೇನು?" ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಪ್ರೊಟೆಸ್ಟ್ ಅಂದರೆ, ಎದುರಾಳಿಯ ಕಾರು ನಿಯಮಕ್ಕೆ ಸರಿಯಿಲ್ಲ, ಪರೀಕ್ಷೆ ಮಾಡಿ ಅಂತ ರೇಸ್ ಅಧಿಕಾರಿಗಳಿಗೆ ಕೊಡುವ ದೂರು.

ಹಾಕಬಹುದು. ಅನುಮಾನ ಗಟ್ಟಿಯಾಗಿದ್ದರೆ ಹಾಕಲೇಬೇಕು. ಹಾಕದೆ, "ಅವನ ಎಂಜಿನ್‌ನಾಗ ಏನೋ ಐತಿ" ಅಂತ ವರ್ಷವಿಡೀ ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗುವುದಿದೆಯಲ್ಲ, ಅದು ನನಗೆ ಹೊಲಸು ಅನಿಸುತ್ತದೆ. ಆ ಮಾತಿಗೆ ಅವನು ಉತ್ತರ ಕೊಡುವುದಾದರೂ ಹೇಗೆ?

ಮುಜುಗರ ಆಗುವುದಿಲ್ಲ ಅಂತಲ್ಲ. ನಮ್ಮ ಕಡೆ ಪಕ್ಕಾ ರೇಸ್ ಟ್ರ್ಯಾಕ್ ಇಲ್ಲ. ಕಾರನ್ನು ಲಾರಿಗೆ ಏರಿಸಿಕೊಂಡು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಹೋಗಬೇಕು. ದಾರಿಯುದ್ದಕ್ಕೂ ಒಂದೇ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದವನ ಮೇಲೆ ಸಂಜೆ ಕಾಗದ ಬರೆದು ಕೊಡುವಾಗ ಕೈ ತಡೆಯುತ್ತದೆ. ಆದರೆ ನಮ್ಮ ಹಳ್ಳಿಗಳ ಖಾಲಿ ಗಾಡಾ ಓಟ ನೋಡಿ. ಎತ್ತುಗಳು ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿದವು ಅಂತ ಟೇಪು ಹಿಡಿದು ಅಳೆಯುತ್ತಾರೆ. ಟೇಪು ಸಡಿಲ ಬಿಟ್ಟರೆ ಅಲ್ಲೇ ಕೂಗು ಏಳುತ್ತದೆ. ಕೂಗಿದವನನ್ನು ಯಾರೂ ಊರಿನ ವೈರಿ ಅನ್ನುವುದಿಲ್ಲ.

ಇನ್ನು ಪ್ರೊಟೆಸ್ಟ್ ಹಾಕುವುದು ಜನ ತಿಳಿದಷ್ಟು ಸಲೀಸಲ್ಲ. ಮೋಟಾರ್ ರೇಸಿನ ಜಾಗತಿಕ ಸಂಸ್ಥೆಯಾದ ಎಫ್‌ಐಎ ನಿಯಮದ ಪ್ರಕಾರ ಬರೆದೇ ಕೊಡಬೇಕು, ಫೀ ಕಟ್ಟಬೇಕು, ಯಾವ ನಿಯಮ ಮುರಿದಿದೆ ಅಂತ ಹೇಳಬೇಕು. ಕಾರು ನಿಯಮಕ್ಕೆ ಸರಿಯಿಲ್ಲ ಅನ್ನುವುದಾದರೆ, ತಾತ್ಕಾಲಿಕ ಫಲಿತಾಂಶ ಬೋರ್ಡಿಗೆ ಬಿದ್ದ 30 ನಿಮಿಷದೊಳಗೆ ಕೊಡಬೇಕು. ಇಬ್ಬರ ಮೇಲೆ ಅನುಮಾನ ಇದ್ದರೆ ಎರಡು ಬೇರೆ ಬೇರೆ ಪ್ರೊಟೆಸ್ಟ್. ಎಂಜಿನ್ ಬಿಚ್ಚಿಸಬೇಕಾದರೆ ಅದಕ್ಕೆ ಮತ್ತೊಂದು ಠೇವಣಿ. ಕೆಟ್ಟ ಉದ್ದೇಶದಿಂದ ಹಾಕಿದ್ದು ಅಂತ ಸಾಬೀತಾದರೆ ಹಾಕಿದವನಿಗೇ ಶಿಕ್ಷೆ ಆಗಬಹುದು. ಇಷ್ಟೆಲ್ಲ ಇದ್ದಮೇಲೆ ಸುಮ್ನೆ ಹೊಟ್ಟೆಕಿಚ್ಚಿಗೆ ಹಾಕುವವರು ಕಡಿಮೆ. ಕಿಸೆಗೆ ಕತ್ತರಿ ಬೀಳುತ್ತದೆ ಅಲ್ವಾ?

ತಪಾಸಣೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಸಿಲಿಂಡರ್ ಹೆಡ್, ಅಂದರೆ ಎಂಜಿನ್‌ನ ಮೇಲಿನ ಮುಚ್ಚಳ, ಬಿಚ್ಚಿ ಬೋರಲು ಇಡುತ್ತಾರೆ. ದಹನ ಕೋಣೆಯ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಸಣ್ಣ ತೂತಿರುವ ಪಾರದರ್ಶಕ ಫಲಕ ಒತ್ತುತ್ತಾರೆ. ಆ ತೂತಿನಿಂದ ಬ್ಯೂರೆಟ್‌ನಲ್ಲಿ ಹನಿ ಹನಿಯಾಗಿ ದ್ರವ ಬಿಡುತ್ತಾರೆ. ಕೊನೆಯ ಗಾಳಿಗುಳ್ಳೆ ಹೋದಮೇಲೆ ಎಷ್ಟು ಸಿಸಿ ಇಳಿಯಿತು ಅಂತ ಓದುತ್ತಾರೆ. ಮಾರುತಿಯ ಹಳೇ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ ತಗೊಳ್ಳಿ. ಒಂದು ಸಿಲಿಂಡರಿಗೆ ಸುಮಾರು 324 ಸಿಸಿ. ಕಂಪ್ರೆಷನ್ (ಪೆಟ್ರೋಲ್-ಗಾಳಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ; ಹೆಚ್ಚಿದಷ್ಟೂ ಶಕ್ತಿ ಹೆಚ್ಚು) 9ಕ್ಕೆ 1 ಇರಬೇಕಾದರೆ, ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 40 ಸಿಸಿಯಷ್ಟು. ಹೆಡ್‌ನ ಮುಖವನ್ನು ಅರ್ಧ ಮಿಲಿಮೀಟರ್ ಕೆರೆದರೆ ಆ ಜಾಗದಲ್ಲಿ ಹೆಚ್ಚುಕಡಿಮೆ 2 ಸಿಸಿ ಹೋಗುತ್ತದೆ. ಕಂಪ್ರೆಷನ್ ಒಂಬತ್ತೂವರೆ ಹತ್ತಿರ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇಲ್ಲೇ ಒಂದು ತೊಡಕಿದೆ. ಹೆಡ್ ಫೇಸಿಂಗ್, ಅಂದರೆ ಹೀಗೆ ಮುಖ ಕೆರೆಸುವುದು, ಕಳ್ಳರ ಕೆಲಸವೇ ಆಗಬೇಕಿಲ್ಲ. ಎಂಜಿನ್ ಬಿಸಿಯಾಗಿ ಹೆಡ್ ಸೊಟ್ಟಗಾದರೆ ಯಾವ ವರ್ಕ್‌ಶಾಪಿನವರಾದರೂ ಮಾಡುವುದು ಅದನ್ನೇ. ಸೆಕೆಂಡ್‌ಹ್ಯಾಂಡ್ ಎಂಜಿನ್ ತಂದವನಿಗೆ ಹಿಂದಿನ ಮಾಲೀಕ ಎಷ್ಟು ಸಲ ಕೆರೆಸಿದ್ದ ಅಂತ ಗೊತ್ತೇ ಇರಲಿಕ್ಕಿಲ್ಲ. ಹಾಗಾಗಿ ಕಾರು ಫೇಲ್ ಆಯಿತು ಅಂದಕೂಡಲೇ ಅವನನ್ನು ಮೋಸಗಾರ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಕಾಗದದಲ್ಲಿ ನಾನು ಬರೆಯುವುದು ಹೆಡ್ ಬಗ್ಗೆ ಮಾತ್ರ. ರೇಸಿಗೆ ಮುಂಚೆಯೇ ಕಣ್ಣಿಗೆ ಬಿದ್ದರೆ ನೇರ ಅವನಿಗೇ ಹೇಳುತ್ತೇನೆ. ಸರಿ ಮಾಡಿಕೊಳ್ಳಲು ಸಮಯ ಇರುತ್ತದೆ.

"ಅದರಿಂದ ಅವನಿಗೆ ಲಾಭವೇನೂ ಆಗಿಲ್ಲ ಬಿಡ್ರೀ" ಅನ್ನುವುದು ಇನ್ನೊಂದು ವಾದ. ಎಫ್‌ಐಎ ಇದಕ್ಕೂ ಬಾಗಿಲು ಹಾಕಿದೆ. ಕಾರು ತಾಂತ್ರಿಕ ನಿಯಮಕ್ಕೆ ಸರಿಯಿಲ್ಲದಿದ್ದರೆ, ಲಾಭ ಆಗಿಲ್ಲ ಅನ್ನುವುದು ಸಮರ್ಥನೆಯೇ ಅಲ್ಲ. 2024ರ ಬೆಲ್ಜಿಯಂ ಫಾರ್ಮುಲಾ ಒನ್‌ನಲ್ಲಿ ಜಾರ್ಜ್ ರಸೆಲ್ ಮೊದಲು ಗುರಿ ಮುಟ್ಟಿದರು. ಕಾರು ಕನಿಷ್ಠ ತೂಕ 798 ಕೆಜಿಗಿಂತ ಒಂದೂವರೆ ಕೆಜಿ ಕಡಿಮೆ ಬಂತು. ಗೆಲುವು ಹೋಯಿತು. ನನಗೆ ಇದು ಸರಿ ಅನಿಸುತ್ತದೆ. ಒಂದೂವರೆ ಕೆಜಿ ಬಿಟ್ಟರೆ ಎರಡು ಯಾಕೆ ಬಿಡಬಾರದು?

ಸ್ವಲ್ಪ ಓದಿಕೊಂಡವರು ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಕಥೆ ತರುತ್ತಾರೆ. 1958ರ ಪೋರ್ಚುಗಲ್ ಫಾರ್ಮುಲಾ ಒನ್ ರೇಸಿನಲ್ಲಿ ಅವರ ಎದುರಾಳಿ ಮೈಕ್ ಹಾಥಾರ್ನ್ ಅವರನ್ನು ಅನರ್ಹ ಮಾಡಲು ಹೊರಟಿದ್ದರು. ನಿಂತುಹೋದ ಕಾರನ್ನು ಎದುರು ದಿಕ್ಕಿಗೆ ಓಡಿಸಿದರು ಅನ್ನುವುದು ಆರೋಪ. ಮಾಸ್ ಹೋಗಿ, ಅದು ಟ್ರ್ಯಾಕ್ ಮೇಲೆ ಅಲ್ಲ, ಪಕ್ಕದ ಫುಟ್‌ಪಾತ್ ಮೇಲೆ ಅಂತ ಹೇಳಿದರು. ಹಾಥಾರ್ನ್ ಅಂಕ ಉಳಿಯಿತು. ವರ್ಷದ ಕೊನೆಗೆ ಹಾಥಾರ್ನ್ 42, ಮಾಸ್ 41. ಒಂದೇ ಅಂಕಕ್ಕೆ ಚಾಂಪಿಯನ್ ಪಟ್ಟ ಕೈತಪ್ಪಿತು. "ಆಟಗಾರ ಅಂದ್ರ ಹಂಗಿರಬೇಕ ನೋಡ್ರಿ" ಅನ್ನುತ್ತಾರೆ. ಹೌದು, ಹಾಗೇ ಇರಬೇಕು. ಆದರೆ ಮಾಸ್ ಮಾಡಿದ್ದೇನು? ತಾನು ಕಂಡದ್ದನ್ನು ತೀರ್ಪು ಕೊಡುವವರ ಮುಂದೆ ಹೋಗಿ ಹೇಳಿದರು. ಟ್ರ್ಯಾಕ್ ಮೇಲೆಯೇ ಓಡಿಸಿದ್ದು ಕಂಡಿದ್ದರೆ ಅದನ್ನೂ ಅಲ್ಲೇ ಹೇಳಬೇಕಿತ್ತು, ಅಷ್ಟೇ.

ನನ್ನ ಕಾರಿನ ಮೇಲೂ ಪ್ರೊಟೆಸ್ಟ್ ಬಿದ್ದಿದೆ, ಅದೂ ಧಾರವಾಡದ ಗೆಳೆಯನಿಂದ. ಹೆಡ್ ಬಿಚ್ಚಿದರು, ಅಳೆದರು, ಸರಿ ಇತ್ತು. ಬಿಚ್ಚಿ ಕಟ್ಟುವ ಖರ್ಚು ಅವನದಾಯಿತು. ಅವತ್ತು ನನಗೆ ಸಿಟ್ಟು ಬಂದದ್ದು ಅವನ ಮೇಲೆ ಅಲ್ಲ, ಟ್ರ್ಯಾಕ್ ಪಕ್ಕ ಕಾರುಗಳನ್ನು ಇಡುವ ಪ್ಯಾಡಕ್‌ನಲ್ಲಿ ಒಂದು ಹೊಸ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ನಡುವೆ ಸೋರದಂತೆ ಇಡುವ ತೆಳು ಹಾಳೆ) ಯಾರ ಹತ್ತಿರವೂ ಸಿಗದಿದ್ದಕ್ಕೆ. ಹೆಡ್ ಬಿಚ್ಚಿದ ಮೇಲೆ ಹಳೇ ಗ್ಯಾಸ್ಕೆಟ್ ನಂಬಿ ಕೂರುವ ಹಾಗಿಲ್ಲ. ಊರಿಗೆ ಬರುವಾಗ ಕಾರು ಲಾರಿಯ ಮೇಲೆ, ಹೆಡ್ ಡಿಕ್ಕಿಯಲ್ಲಿ, ಗ್ಯಾಸ್ಕೆಟ್ ಎಲ್ಲಿ ಅಗ್ಗ ಅಂತ ಇಡೀ ರಾತ್ರಿ ನಮ್ಮಿಬ್ಬರ ವಾದ.