ಲಿಗಮೆಂಟ್ ಮಾಡೆಲ್: ಈ ಸಲ ಹೆಪ್ಪುಗಟ್ಟಿದ ರಕ್ತ ಸೇರಿಸಿದೆ

ಪೈಥಾನ್‌ನಲ್ಲಿ ಬರೆಯುತ್ತಿರುವ ಮೊಣಕಾಲಿನ ಕಂಪ್ಯೂಟರ್ ಮಾಡೆಲ್‌ಗೆ ಕೊನೆಗೂ ರಕ್ತದ ಹೆಪ್ಪು ಬಂತು. ಇಲ್ಲಿಯವರೆಗೆ ಪರದೆ ಮೇಲೆ ಹರಿದ ಲಿಗಮೆಂಟಿನ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಎರಡು ತುದಿ, ಅದರೊಳಗೆ ಕಿತ್ತಳೆ ಚುಕ್ಕಿಗಳಾಗಿ ಅದರ ಎಳೆಗಳನ್ನು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳು, ಇಷ್ಟೇ ಇದ್ದವು.

ಹೆಪ್ಪಿನಲ್ಲಿರುವ ಪ್ಲೇಟ್‌ಲೆಟ್‌ಗಳು ಪಿಡಿಜಿಎಫ್, ಟಿಜಿಎಫ್-ಬೀಟಾ ಎಂಬ ಗ್ರೋತ್ ಫ್ಯಾಕ್ಟರ್‌ಗಳನ್ನು ಬಿಡುತ್ತವೆ. ಇವು ಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನ್‌ಗಳು. ಪಿಡಿಜಿಎಫ್ ಕೋಶಗಳನ್ನು ಗಾಯದ ಕಡೆ ಎಳೆಯುತ್ತದೆ, ಅವುಗಳ ಸಂಖ್ಯೆ ಹೆಚ್ಚಿಸುತ್ತದೆ. ಟಿಜಿಎಫ್-ಬೀಟಾ ಮುಖ್ಯವಾಗಿ ಅವುಗಳಿಂದ ಲಿಗಮೆಂಟಿನ ಮುಖ್ಯ ಎಳೆಯಾದ ಕೊಲಾಜೆನ್ ಮಾಡಿಸುತ್ತದೆ. ಹಾಗಾಗಿ ಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ನಿಯಮ ಇಟ್ಟಿದ್ದೇನೆ.

ಎರಡೂ ಸೇರಿದರೆ ಲಾಭ ದುಪ್ಪಟ್ಟು ಅಂತ ಅನಿಸುತ್ತೆ ಅಲ್ವಾ? 1998ರಲ್ಲಿ ಪ್ರಕಟವಾದ ಮೊಲದ ಪ್ರಯೋಗ ಹಾಗೆ ಹೇಳುವುದಿಲ್ಲ. ಮೊಣಕಾಲಿನ ಒಳಬದಿಯ ಲಿಗಮೆಂಟಿಗೆ, ಅಂದರೆ ಎಂಸಿಎಲ್‌ಗೆ, ಪಿಡಿಜಿಎಫ್ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಅದು ಗಟ್ಟಿಯಾಗಿ ವಾಸಿಯಾಯಿತು. ಜೊತೆಗೆ ಟಿಜಿಎಫ್-ಬೀಟಾ 1 ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅದಕ್ಕೇ ನನ್ನ ಮಾಡೆಲ್‌ನಲ್ಲೂ ಎರಡರ ಪರಿಣಾಮವನ್ನು ಸುಮ್ನೆ ಕೂಡಿಸಿಲ್ಲ.

ಆಮೇಲೆ ಕೀಲಿನ ನಡುವೆ ಇರುವ ಇನ್ನೊಂದು ಲಿಗಮೆಂಟ್ ಎಸಿಎಲ್‌ಗೆ ಬಂದೆ. ಈ ವಾರ ನನ್ನನ್ನು ಹಿಡಿದು ಕೂರಿಸಿದ್ದು ಇದೇ. ಎಂಸಿಎಲ್ ಹರಿದರೆ ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ. ಎಸಿಎಲ್ ಪೂರ್ತಿ ಹರಿದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅದರ ಸುತ್ತ ಕೀಲಿನ ದ್ರವ ಇರುತ್ತದೆ, ಅಲ್ಲಿರುವ ಪ್ಲಾಸ್ಮಿನ್ ಎಂಬ ಕಿಣ್ವ ಹೆಪ್ಪನ್ನು ಕರಗಿಸಿಬಿಡುತ್ತದೆ. ಇಷ್ಟನ್ನೇ ಕೋಡ್‌ಗೆ ಸೇರಿಸಿ ಓಡಿಸಿದೆ. ಕೆಂಪು ಹೆಪ್ಪು ಅಂಚಿನಿಂದ ಸವೆಯುತ್ತಾ ಬಂತು. ಕಿತ್ತಳೆ ಚುಕ್ಕಿಗಳು ತುದಿಯವರೆಗೆ ಬಂದು ಅಲ್ಲೇ ನಿಂತವು. ಪಿಡಿಜಿಎಫ್ ಪ್ರಮಾಣ ಏರಿಸಿದೆ, ತುದಿಯಲ್ಲಿ ಗುಂಪು ದಟ್ಟವಾಯಿತು, ಆದರೆ ಒಂದು ಕೋಶವೂ ಆಚೆ ದಡ ಮುಟ್ಟಲಿಲ್ಲ. ಚಪ್ಪರವೇ ಇಲ್ಲದಿದ್ದರೆ ಹೀರೆ ಬಳ್ಳಿಗೆ ಎಷ್ಟು ಗೊಬ್ಬರ ಹಾಕಿದರೇನು? ಯಾವ ಫ್ಯಾಕ್ಟರ್, ಎಷ್ಟು ಡೋಸ್ ಅನ್ನುವುದಕ್ಕಿಂತ ಮೊದಲು ಅದು ನಿಲ್ಲಲು ಜಾಗ ಇದೆಯಾ ಅಂತ ಕೇಳಬೇಕು.

ಬಾಸ್ಟನ್‌ನ ಮೂಳೆ ಶಸ್ತ್ರಚಿಕಿತ್ಸಕಿ ಡಾ. ಮಾರ್ಥಾ ಮರ್ರೆ ಹಿಡಿದದ್ದು ಇದೇ ದಾರಿ. ಹರಿದ ತುದಿಗಳ ನಡುವೆ ಕೊಲಾಜೆನ್ ಸ್ಪಂಜು ಇಟ್ಟು, ಅದಕ್ಕೆ ರೋಗಿಯದೇ ರಕ್ತ ಹೀರಿಸುತ್ತಾರೆ. ಸ್ಪಂಜಿನ ಆಸರೆಯಲ್ಲಿ ಹೆಪ್ಪು ಉಳಿಯುತ್ತದೆ. 'ಬೇರ್' ಹೆಸರಿನ ಈ ಇಂಪ್ಲಾಂಟ್‌ಗೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಎಂಥ ಸರಳ, ಎಂಥ ಚೆಂದದ ಯೋಚನೆ!

ಮುಂದೆ ಸ್ಪಂಜನ್ನು ಮಾಡೆಲ್‌ಗೆ ತರಬೇಕು. ನಂತರ ಎಳೆತದ ಬಲ. ಗಾಯದಲ್ಲಿ ಮೊದಲು ಟೈಪ್ 3 ಕೊಲಾಜೆನ್ ಜಾಸ್ತಿ ಇರುತ್ತದೆ, ನಿಧಾನವಾಗಿ ಟೈಪ್ 1 ಅದರ ಜಾಗಕ್ಕೆ ಬರುತ್ತದೆ, ಎಳೆಗಳು ಎಳೆತದ ದಿಕ್ಕಿಗೆ ತಿರುಗುತ್ತವೆ. ಸದ್ಯ ನನ್ನ ಎಳೆಗಳೆಲ್ಲ ದಿಕ್ಕಾಪಾಲಾಗಿ ಬಿದ್ದಿವೆ.