ಸಿಂಬಳ ಹಸಿರಾದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕಿಲ್ಲ

ಜ್ವರ ಎಷ್ಟು ಜೋರಾಗಿದೆ ಅಂತ ನೋಡಿ ಆಂಟಿಬಯಾಟಿಕ್ ಕೊಡುವುದಲ್ಲ; ಜ್ವರ ತಂದದ್ದು ಯಾವುದು ಅಂತ ನೋಡಿ ಕೊಡಬೇಕು. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್, ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಅಜಿತ್ರೋಮೈಸಿನ್ ಅನ್ನುವ ಇನ್ನೊಂದು, ಬ್ಯಾಕ್ಟೀರಿಯಾದ ರೈಬೋಸೋಮ್ ಹಿಡಿದು ಪ್ರೋಟೀನ್ ತಯಾರಿ ನಿಲ್ಲಿಸುತ್ತದೆ. ವೈರಸ್ಸಿಗೆ ಕೋಶಭಿತ್ತಿಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಹಾಗಾಗಿ ನೆಗಡಿ, ಫ್ಲೂ, ಕೋವಿಡ್, ಡೆಂಗಿ ಇವ್ಯಾವುದಕ್ಕೂ ಈ ಮಾತ್ರೆಗಳಿಂದ ಏನೂ ಆಗುವುದಿಲ್ಲ. ಹುಳುಕಡ್ಡಿಗೂ ಅಷ್ಟೇ, ಅದು ಶಿಲೀಂಧ್ರದ್ದು.

ಸಿಂಬಳ ಹಸಿರಾದರೆ ಬ್ಯಾಕ್ಟೀರಿಯಾ ಬಂತು ಅನ್ನುವ ನಂಬಿಕೆ ಯಾಕೋ ಹೋಗುತ್ತಲೇ ಇಲ್ಲ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳೊಳಗಿನ ಹಸಿರು ಕಿಣ್ವದ್ದು. ವೈರಸ್ ನೆಗಡಿಯಲ್ಲೂ ಬರುತ್ತದೆ. ಸೈನಸ್‌ಗೆ ಬ್ಯಾಕ್ಟೀರಿಯಾ ಹತ್ತಿದೆಯೇ ಅಂತ ಅನುಮಾನಿಸಬೇಕಾದದ್ದು 10 ದಿನ ಕಳೆದರೂ ಒಂಚೂರೂ ಇಳಿಯದಿದ್ದಾಗ, ಇಲ್ಲವೇ ವಾಸಿಯಾಗುತ್ತಾ ಬಂದು ಮತ್ತೆ ಜ್ವರ, ಮುಖನೋವು ಏರಿದಾಗ. ಎದೆಯ ಕೆಮ್ಮಂತೂ ವೈರಸ್ಸಿನದೇ ಆದರೂ ಮೂರು ವಾರ ಎಳೆಯಬಹುದು. ನ್ಯುಮೋನಿಯಾ ಅಲ್ಲ ಅಂತ ಖಚಿತವಾಗಿದ್ದರೆ ಕಾಯುವುದೇ ಸರಿ.

ಕಷ್ಟವಿರುವುದು ಗಂಟಲುನೋವಿನಲ್ಲಿ. ಹೆಚ್ಚಿನವು ವೈರಸ್ಸಿನವೇ, ಆದರೆ ಸ್ಟ್ರೆಪ್ಟೊಕಾಕಸ್ (ಸ್ಟ್ರೆಪ್) ಅನ್ನುವ ಬ್ಯಾಕ್ಟೀರಿಯಾ ಕಣ್ತಪ್ಪಿ ಚಿಕಿತ್ಸೆಯಿಲ್ಲದೆ ಉಳಿದರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟು ಬೀಳಬಹುದು. ಜ್ವರ, ಟಾನ್ಸಿಲ್ ಮೇಲೆ ಕೀವು, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳು, ಜೊತೆಗೆ ಕೆಮ್ಮು ಇಲ್ಲದಿರುವುದು: ಈ ನಾಲ್ಕರಲ್ಲಿ ಮೂರಾದರೂ ಇದ್ದರೆ ಗಂಟಲಿನ ಸ್ವಾಬ್ ಪರೀಕ್ಷೆ ಮಾಡಿಸುವುದು ವಾಡಿಕೆ. ಮೂಗು ಸೋರುತ್ತಾ ಕೆಮ್ಮುತ್ತಾ ದನಿ ಒಡೆದಿದ್ದರೆ ಸ್ಟ್ರೆಪ್ ಆಗಿರುವ ಸಾಧ್ಯತೆ ಕಡಿಮೆ. ಸ್ಟ್ರೆಪ್ ಖಚಿತವಾದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಸಾಮಾನ್ಯವಾಗಿ 10 ದಿನ. ಮೂರನೇ ದಿನಕ್ಕೆ ನೋವು ಹೋಯಿತು ಅಂತ ಬಿಡಬಾರದು.

ಇದೇ ಗಂಟಲುನೋವು, ಟಾನ್ಸಿಲ್ ಮೇಲೆ ಕೀವಿನಂಥದ್ದೇ ಬಿಳಿ ಪೊರೆ ಎಪ್‌ಸ್ಟೀನ್-ಬಾರ್ ವೈರಸ್ಸಿನಲ್ಲೂ ಕಾಣುತ್ತದೆ. ಆಗ ಅಮಾಕ್ಸಿಸಿಲಿನ್ ಕೊಟ್ಟರೆ ಹಲವರಿಗೆ ಮೈತುಂಬ ಕೆಂಪು ದದ್ದು ಏಳುತ್ತದೆ. ಅದು ಬಹುಪಾಲು ನಿಜವಾದ ಅಲರ್ಜಿಯಲ್ಲ. ಆದರೂ ಚೀಟಿಯಲ್ಲಿ 'ಪೆನಿಸಿಲಿನ್ ಅಲರ್ಜಿ' ಅಂತ ಬರೆದದ್ದು ಜನ್ಮವಿಡೀ ಉಳಿದು, ಮುಂದೆ ನಿಜವಾಗಿ ಬೇಕಾದಾಗ ಒಳ್ಳೆಯ ಔಷಧಿಯೇ ಕೈತಪ್ಪುತ್ತದೆ.

ಬೇಧಿಗೆ ಮೊದಲು ಓಆರ್‌ಎಸ್. ರಕ್ತ ಬೀಳುತ್ತಿದ್ದರೆ, ಜ್ವರವೂ ಜೋರಿದ್ದರೆ ವೈದ್ಯರೇ ನೋಡಬೇಕು. ಟೈಫಾಯ್ಡ್‌ಗೆ, ಮೂತ್ರದ ಸೋಂಕಿಗೆ ಆಂಟಿಬಯಾಟಿಕ್ ಬೇಕೇ ಬೇಕು. ಆದರೆ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಕೊಡುವುದಿದ್ದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ರಕ್ತ, ಮೂತ್ರ ಕೊಡಿ. ಎರಡು ಡೋಸ್ ಆದ ಮೇಲೆ ಕೊಟ್ಟರೆ ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆಯದೆ, ಯಾವ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಅನ್ನುವುದೂ ಗೊತ್ತಾಗದೆ ಹೋಗಬಹುದು. ಉರಿ, ಜ್ವರ ಏನೂ ಇಲ್ಲದೆ ಬರೀ ಮೂತ್ರದ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧಿ ಬೇಡ. ಗರ್ಭಿಣಿಯರ ಮಾತು ಬೇರೆ, ಅವರಿಗೆ ಕೊಡುತ್ತಾರೆ.