ಮಳೆಯ ಸದ್ದು, ಮಾತಿನ ಸದ್ದು

13 ಜುಲೈ 2025, ಭಾನುವಾರ

ನಿನ್ನೆ ಸಂಜೆ ಮಗಳೊಂದಿಗೆ ತೀರ್ಥಹಳ್ಳಿ ಸಮೀಪದ ತವರುಮನೆಗೆ ಬಂದಾಗಿನಿಂದ ಪುನರ್ವಸು ಮಳೆ ಬಿಟ್ಟೂಬಿಡದೆ ಸುರಿಯುತ್ತಿದೆ. ಅಂಗಳಕ್ಕೆ ಹೊದಿಸಿದ ತಗಡಿನ ಮೇಲೆ ಬೀಳುವ ನೀರಿನ ಅಬ್ಬರಕ್ಕೆ, ಜಗಲಿಯಲ್ಲಿ ಪಕ್ಕದಲ್ಲೇ ಕುಳಿತವರೊಂದಿಗೂ ಕೂಗಿ ಮಾತನಾಡಬೇಕು. ಅಂಥ ಜಗಲಿಯಲ್ಲಿ ಕುಳಿತು ಹತ್ತನೆಯ ತರಗತಿಯ ಮಗಳು ಮೊದಲ ಇಪ್ಪತ್ತು ಧಾತುಗಳ ಹೆಸರನ್ನು ಹೈಡ್ರೋಜನ್‌ನಿಂದ ಕ್ಯಾಲ್ಸಿಯಂವರೆಗೆ ಕ್ರಮ ತಪ್ಪದೆ ಬರೆದು ತೋರಿಸಿದಳು. ಶಿವಮೊಗ್ಗದ ಮನೆಯಲ್ಲಿ ವಾರವಿಡೀ ಅವಳು ಅಲ್ಯೂಮಿನಿಯಂ ಆದ ಮೇಲೆ ಸಿಲಿಕಾನನ್ನು ಬಿಟ್ಟು ರಂಜಕಕ್ಕೆ ಹಾರುತ್ತಿದ್ದುದೂ, ನಾನು ಗದರಿದ್ದೂ ನೆನಪಾಗಿ ಮನಸ್ಸಿಗೆ ತುಂಬ ನೋವಾಯಿತು.

ಅಲ್ಲಿ ಅವಳು ಓದುವ ಕೋಣೆಯ ಗೋಡೆಯಾಚೆ ಟಿ.ವಿ. ಇದೆ. ಧಾರಾವಾಹಿ ಶುರುವಾದೊಡನೆ ವಾಲ್ಯೂಮ್ ತಗ್ಗಿಸಿದರೆ ಸಾಕೆಂದು ನಾನು ನಂಬಿದ್ದೆ. ಆ ನಂಬಿಕೆ ತಪ್ಪು. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಸಂಶೋಧಕರು, ಕಣ್ಣೆದುರು ತೋರಿಸಿದ ಅಕ್ಷರಗಳನ್ನು ಅದೇ ಕ್ರಮದಲ್ಲಿ ನೆನಪಿಡುವಂತೆ ಹೇಳಿ, ಹಿನ್ನೆಲೆಯಲ್ಲಿ ಜರ್ಮನ್ ಭಾಷೆಯ ಓದನ್ನು ಕೇಳಿಸಿದರು. ಆ ಭಾಷೆ ಅರ್ಥವಾಗದವರೂ ಹೆಚ್ಚು ತಪ್ಪಿದರು. ಮಾತು ಮೆಲ್ಲಗಿದ್ದರೂ ಈ ತೊಂದರೆ ಅಷ್ಟಾಗಿ ತಗ್ಗುವುದಿಲ್ಲವೆಂದೂ, ಒಂದೇ ಸಮನೆಯ ಮೊರೆತದಿಂದ ಆಗುವ ಅಡ್ಡಿ ಬಹಳ ಕಡಿಮೆಯೆಂದೂ ಮುಂದಿನ ಪ್ರಯೋಗಗಳು ತೋರಿಸಿದವು. ಕ್ಷಣಕ್ಷಣಕ್ಕೂ ಬದಲಾಗುವ ಸದ್ದನ್ನು ನಮ್ಮ ಮಿದುಳು ತಾನಾಗಿಯೇ ಸಾಲಾಗಿ ಜೋಡಿಸಿಕೊಳ್ಳುತ್ತದೆ, ಆ ಸಾಲಿಗೂ ನಾವು ಮನಸ್ಸಿನಲ್ಲಿ ಉರುಹೊಡೆಯುವ ಸಾಲಿಗೂ ತಿಕ್ಕಾಟವಾಗುತ್ತದೆ ಎಂಬುದು ಡೈಲನ್ ಜೋನ್ಸ್ ಮೊದಲಾದವರ ವಿವರಣೆ.

ಹಾಗೆಂದು ಮಳೆಯ ಸದ್ದಿನಿಂದ ತೊಂದರೆಯೇ ಇಲ್ಲ ಎನ್ನಲಾರೆ. ನಾನು ಓದಿದ ಶಾಲೆಯಲ್ಲಿ ಮಳೆ ಜೋರಾದರೆ ಮೇಷ್ಟ್ರು ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಲೆಕ್ಕ ಬರೆದುಬಿಡುತ್ತಿದ್ದರು, ಏಕೆಂದರೆ ಅವರ ದನಿ ಎರಡನೆಯ ಬೆಂಚನ್ನೂ ಮುಟ್ಟುತ್ತಿರಲಿಲ್ಲ. ಕೇಳಿ ಕಲಿಯುವುದಕ್ಕೆ ಮಳೆ ಅಡ್ಡಿ. ನೋಡಿ ಉರುಹೊಡೆಯುವುದಕ್ಕೆ ಪಕ್ಕದ ಕೋಣೆಯ ಮಾತು ಅದಕ್ಕಿಂತ ದೊಡ್ಡ ಅಡ್ಡಿ.

ಇಂದು ಮಧ್ಯಾಹ್ನ ಮಳೆ ತುಸು ಹೊಳವಾದಾಗ ಅಮ್ಮ ಮತ್ತು ಚಿಕ್ಕಮ್ಮ ಜಗಲಿಯಲ್ಲೇ ಮದುವೆಯೊಂದರ ಮಾತು ತೆಗೆದರು. ಒಂದು ಸಲದ್ದನ್ನು ಪ್ರಮಾಣವೆನ್ನಲು ಬಾರದು, ಆದರೆ ಮಗಳ ಪಟ್ಟಿಯಲ್ಲಿ ಸಿಲಿಕಾನ್ ಮತ್ತೆ ಬಿಟ್ಟುಹೋಗಿತ್ತು. ಈ ಸಲ ನಾನು ಗದರಲಿಲ್ಲ.

ರಾತ್ರಿ ಅತ್ತೆಯವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಾಳೆಯಿಂದ ಏಳರಿಂದ ಎಂಟೂವರೆಯವರೆಗೆ ಟಿ.ವಿ. ಹಾಕುವುದು ಬೇಡ, ಧಾರಾವಾಹಿಯನ್ನು ಮರುದಿನ ಮಗು ಶಾಲೆಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ ಎಂದು ಅವರೇ ಹೇಳಿದರು.